ಗಿಜುಭಾಯಿ ತೋರಿದ ಅಳತೆಗೋಲು

ಶಿಶುವಿಹಾರವೊಂದರ ಗುಣಮಟ್ಟವನ್ನು ಅಳೆಯುವುದು ಹೇಗೆ? ಕಟ್ಟಡ, ಹಾಜರಾತಿ, ಆಹಾರ ದಾಸ್ತಾನುಗಳ ಲೆಕ್ಕವನ್ನು ತಪಾಸಣಾ ವರದಿಗಳು ಒದಗಿಸುತ್ತವೆ. ಗಿಜುಭಾಯಿ ಬಧೇಕಾ ಅವರ ಬದುಕು ಬೇರೊಂದು ಅಳತೆಗೋಲನ್ನು ನಮ್ಮ ಮುಂದಿಡುತ್ತದೆ.

1885ರಲ್ಲಿ ಸೌರಾಷ್ಟ್ರದಲ್ಲಿ ಜನಿಸಿದ ಅವರು ವೃತ್ತಿಯಿಂದ ವಕೀಲರು. ಮಗನ ಶಿಕ್ಷಣದ ಚಿಂತೆ ಅವರನ್ನು ಮಾರಿಯಾ ಮಾಂಟೆಸ್ಸರಿಯವರ ವಿಚಾರಗಳತ್ತ ಸೆಳೆಯಿತು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದ ಅವರು, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಬೆತ್ತ, ಭಯ, ಬಹುಮಾನಗಳಿಗೆ ಅಲ್ಲಿ ಎಡೆಯಿರಲಿಲ್ಲ. ಕಥೆ, ಹಾಡು, ನಾಟಕ, ಕೈಕೆಲಸಗಳೇ ಪಾಠಗಳಾದವು. ಮಗುವನ್ನು ಗಮನಿಸುವುದು ಶಿಕ್ಷಕರ ಮೊದಲ ಕರ್ತವ್ಯವೆಂದು ಅವರು ನಂಬಿದ್ದರು. ಆ ಅಕ್ಕರೆಗಾಗಿಯೇ ಜನ ಅವರನ್ನು ಮೀಸೆಯುಳ್ಳ ತಾಯಿ ಎಂದು ಕರೆದರು.

1939ರಲ್ಲಿ ಅವರು ನಿಧನರಾದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಮುಂದೆ ಬಾಲಶಿಕ್ಷಣವನ್ನು ಮಹಾರಾಷ್ಟ್ರದ ಆದಿವಾಸಿಗಳ ಅಂಗಳಕ್ಕೇ ಕೊಂಡೊಯ್ದರು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯನ್ನು ದೇಶದ ಮನೆಮಾತಾಗಿಸಿತು.

ಅಪೌಷ್ಟಿಕತೆ ಕಾಡುವ ನಾಡಿನಲ್ಲಿ ತೂಕದ, ಆಹಾರದ ಲೆಕ್ಕ ಅನಿವಾರ್ಯ. ಆದರೆ ಅಷ್ಟೇ ಸಾಲದು. ತಪಾಸಣೆಗೆ ಹೋದ ಅಧಿಕಾರಿ ರಿಜಿಸ್ಟರ್ ಕೇಳುವ ಮೊದಲು ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಬೇಕು: ಮಗು ಅಂಜದೆ ಪ್ರಶ್ನಿಸುತ್ತಿದೆಯೇ? ಕಾರ್ಯಕರ್ತೆಗೆ ಅದರ ಮಾತು ಕೇಳುವಷ್ಟು ಬಿಡುವಿದೆಯೇ? ಈ ಉತ್ತರಗಳಿಗೂ ವರದಿಯಲ್ಲಿ ಒಂದು ಕಾಲಂ ಇರಬೇಕು.