ನಗೆಯ ನಟ ನರಸಿಂಹರಾಜು

ನಾಯಕನ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ. ಅವನ ಪಕ್ಕದಲ್ಲಿ ನಿಂತವನನ್ನು ನೆನೆಯುವವರು ವಿರಳ. ಕನ್ನಡ ಚಲನಚಿತ್ರದ ಕಥೆಯನ್ನು ಹೇಳುವಾಗಲೂ ಹೀಗೆಯೇ ಆಗುವುದುಂಟು. ಆದರೆ 1954ರಿಂದ ಸುಮಾರು ಎರಡು ದಶಕಗಳ ಕಾಲ ಆ ಪಕ್ಕದ ಸ್ಥಾನವನ್ನು ತುಂಬಿದ್ದ ಒಬ್ಬ ಕಲಾವಿದರನ್ನು ಬಿಟ್ಟು ಆ ಕಥೆಯನ್ನು ಹೇಳಲು ಬಾರದು. ಅವರು ನಮ್ಮ ತುಮಕೂರು ಜಿಲ್ಲೆಯವರೇ ಆದ ತಿಪಟೂರಿನ ನರಸಿಂಹರಾಜು.

ಅವರು ಹುಟ್ಟಿದ್ದು 1923ರ ಜುಲೈ 24ರಂದು. ಅಕ್ಷರ ತಿದ್ದುವ ವಯಸ್ಸಿಗೂ ಮೊದಲೇ, ನಾಲ್ಕನೆಯ ವರ್ಷದಲ್ಲಿ, ಮುಖಕ್ಕೆ ಬಣ್ಣ ಬಿತ್ತು. ಸೋದರ ಸಂಬಂಧಿಗಳ ಕೈಹಿಡಿದು ಅವರು ಸೇರಿದ್ದು ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯನ್ನು. ಲೋಹಿತಾಶ್ವ, ಪ್ರಹ್ಲಾದ, ಕೃಷ್ಣ ಮೊದಲಾದ ಬಾಲಪಾತ್ರಗಳೇ ಅವರ ಪಾಠಶಾಲೆ. ಮುಂದೆ ಹಿರಣ್ಣಯ್ಯನವರ ಮಂಡಳಿ, ಗುಬ್ಬಿ ವೀರಣ್ಣನವರ ಕಂಪನಿ ಎಂದು ಊರಿಂದೂರಿಗೆ ಅಲೆದಾಟ. ಇಂದು ಊಟವುಂಟು, ನಾಳೆಯದು ದೈವೇಚ್ಛೆ ಎನ್ನುವಂಥ ಬಾಳು ಅದು. ಆದರೆ ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟುವಂತೆ ನುಡಿಯುವ ವಿದ್ಯೆ ಅಲ್ಲಿ ಸಿದ್ಧಿಸಿತು.

1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಿತು. ರಾಜಕುಮಾರರು ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರವೂ ಅದೇ, ನರಸಿಂಹರಾಜು ಅವರು ತೆರೆಯ ಮೇಲೆ ನೆಲೆಯೂರಿದ ಚಿತ್ರವೂ ಅದೇ. ಕೃಶವಾದ ಮೈ, ಮುಂದಕ್ಕೆ ಚಾಚಿದ ಹಲ್ಲು. ನಾಯಕನಾಗಲು ಅಡ್ಡಿ ಎನಿಸಬಹುದಾದುದನ್ನೇ ಅವರು ಬಂಡವಾಳ ಮಾಡಿಕೊಂಡರು. ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ಭೇದವಿಲ್ಲದೆ 250ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅವರಿಲ್ಲದ ಚಿತ್ರವನ್ನು ಹಂಚಿಕೆದಾರರು ಅನುಮಾನದಿಂದ ನೋಡುತ್ತಿದ್ದ ಕಾಲವೊಂದಿತ್ತು.

ಅವರ ಪಾತ್ರಗಳಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವುದು 1965ರ ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕ. ನಾನು ಶಿರಾ ತಾಲ್ಲೂಕಿನ ಮದಲೂರಿನವನು. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಕೆರೆ ತುಂಬದ ವರ್ಷ ಸಾಲ ಮಾಡದ ಮನೆಯಿಲ್ಲ. ವಸೂಲಿಗೆ ಬಂದು ಜಗುಲಿ ಬಿಟ್ಟೇಳದವನನ್ನು ನಕ್ಷತ್ರಿಕನೆಂದೇ ನಮ್ಮ ಹಿರಿಯರು ಕರೆಯುತ್ತಿದ್ದರು. ವಿಶ್ವಾಮಿತ್ರನ ಆ ಶಿಷ್ಯ ಹರಿಶ್ಚಂದ್ರನ ಬೆನ್ನುಹತ್ತಿ ಕಾಡುವುದನ್ನು ಟೆಂಟಿನಲ್ಲಿ ಕುಳಿತು ನೋಡಿ ನಕ್ಕವರಲ್ಲಿ ಅನೇಕರ ಮನೆಯಲ್ಲಿ ತೀರಿಸಬೇಕಾದ ಸಾಲವಿತ್ತು. ತಮ್ಮನ್ನು ಹಗಲೆಲ್ಲ ಅಂಜಿಸಿದ್ದನ್ನು ಇರುಳು ಎದುರಿಗಿಟ್ಟುಕೊಂಡು ನಗುವ ಅವಕಾಶವನ್ನು ಈ ನಟರು ಅವರಿಗೆ ಕೊಟ್ಟರು. ಬಾಲ್ಯದಲ್ಲಿ ಲೋಹಿತಾಶ್ವನಾಗಿ ಅತ್ತವರೇ ಈಗ ಅದೇ ಕಥೆಯಲ್ಲಿ ಅಳಿಸುವವನ ವೇಷ ತೊಟ್ಟಿದ್ದರು ಎಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ನಗೆ ಹರಿಶ್ಚಂದ್ರನ ದುಃಖವನ್ನು ಹಗುರಗೊಳಿಸುವುದಿಲ್ಲ. ಪೀಡಿಸುವವನು ಎಷ್ಟು ವಿನೋದವಾಗಿ ಪೀಡಿಸುತ್ತಾನೋ ಸಹಿಸುವವನ ಸಹನೆ ಅಷ್ಟೇ ಉನ್ನತವಾಗಿ ತೋರುತ್ತದೆ. ರಾಜಕುಮಾರರ ಗಾಂಭೀರ್ಯ, ಉದಯಕುಮಾರರ ವಿಶ್ವಾಮಿತ್ರನ ಕ್ರೋಧ, ಇವೆರಡರ ನಡುವೆ ನಕ್ಷತ್ರಿಕ ಓಡಾಡುತ್ತಾನೆ; ಎರಡರ ಪ್ರಭೆಯನ್ನೂ ಹೆಚ್ಚಿಸುತ್ತಾನೆ, ಒಂದನ್ನೂ ಮಸುಕುಗೊಳಿಸುವುದಿಲ್ಲ. ಪೋಷಕ ಪಾತ್ರವೆಂಬ ಹೆಸರು ಸಾರ್ಥಕವಾಗುವುದು ಹೀಗೆ.

ತೆರೆಯ ಹೊರಗೂ ಅವರು ಪೋಷಕರೇ ಆಗಿದ್ದರು. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳು ವಿರಳವಾಗಿ, ಮದರಾಸಿನಲ್ಲಿ ಕಲಾವಿದರು ಕೆಲಸವಿಲ್ಲದೆ ಕೂರುವ ಸ್ಥಿತಿ ಬಂದಾಗ ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಅವರೊಡನೆ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ನಾಡಿನಲ್ಲಿ ಸಂಚರಿಸಿ ನಾಟಕವಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ ಸಂಘದ ಚಿತ್ರವಾಗಿ ಹೊರಬಂದಿತು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಲು ಹಾಕಿದ ಹೆಜ್ಜೆಗಳಲ್ಲಿ ಇದು ಮುಖ್ಯವಾದುದು.

ನಾಯಕಸ್ಥಾನವೂ ಅವರಿಗೆ ದೊರೆಯದೆ ಇರಲಿಲ್ಲ. ಎಂ. ಆರ್. ವಿಠಲ್ ಅವರ ‘ನಕ್ಕರೆ ಅದೇ ಸ್ವರ್ಗ’ 1967ರಲ್ಲಿ ಬಂದಿತು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದು ಈ ಚಿತ್ರಕ್ಕೇ. 1974ರ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿ ಮುಖ್ಯ ಪಾತ್ರವನ್ನು ವಹಿಸಿದರು. ಅಷ್ಟರಲ್ಲಿ ಅಭಿರುಚಿ ಬದಲಾಗಿತ್ತು. ಕಂಪನಿ ನಾಟಕದ ಹದದಲ್ಲಿ ಬೆಳೆದ ಹಾಸ್ಯಕ್ಕೆ ಅವಕಾಶ ಕುಗ್ಗುತ್ತಿತ್ತು. 1979ರ ಜುಲೈ ತಿಂಗಳಿನಲ್ಲಿ, 56 ತುಂಬುವ ಮುನ್ನವೇ, ಅವರು ತೀರಿಕೊಂಡರು.

ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆದು ನಾಡು ಗೌರವಿಸಿತು. ನನಗೆ ಆ ಬಿರುದಿಗಿಂತ ಬೇರೊಂದು ಸಂಗತಿ ಹಿರಿದೆನಿಸುತ್ತದೆ. ಚಕ್ರವರ್ತಿಗೆ ಸಿಂಹಾಸನ ಬೇಕು. ಇವರಿಗೆ ಸಿಂಹಾಸನದ ಪಕ್ಕದಲ್ಲಿ ಎರಡಡಿ ನೆಲ ಸಾಕಾಗಿತ್ತು. ಅಷ್ಟು ನೆಲದಲ್ಲಿ ನಿಂತು, ಬರಗಾಲದ ಸೀಮೆಯ ಜನರೂ ತಮ್ಮ ಕಷ್ಟವನ್ನು ಕಂಡು ನಗುವಂತೆ ಮಾಡಿದರು.