ಒಬ್ಬ ರೈತನ ನಿರ್ಧಾರ

ಆಸ್ಟ್ರಿಯಾ ದೇಶದ ಅಂಚಿನಲ್ಲಿ, ಜರ್ಮನಿಯ ಗಡಿಗೆ ಹತ್ತಿರದಲ್ಲಿ, ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಿದೆ. ಫ್ರಾಂಟ್ಸ್ ಯೇಗರ್‌ಷ್ಟೆಟರ್ 1907ರ ಮೇ 20ರಂದು ಅಲ್ಲಿ ಜನಿಸಿದನು. ತಾಯಿ ಹೊಲಮನೆಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ಅನಂತರ ತಾಯಿಯ ಕೈಹಿಡಿದ ರೈತನೊಬ್ಬನು ಬಾಲಕನನ್ನು ದತ್ತು ಸ್ವೀಕರಿಸಿ ತನ್ನ ಹೆಸರನ್ನೂ ಮುಂದೆ ತನ್ನ ಹೊಲವನ್ನೂ ಕೊಟ್ಟನು. ತಾರುಣ್ಯದಲ್ಲಿ ಫ್ರಾಂಟ್ಸ್ ಸಾಧುವೇನೂ ಆಗಿರಲಿಲ್ಲ. ಊರಿಗೆ ಮೊಟ್ಟಮೊದಲು ಮೋಟಾರು ಸೈಕಲನ್ನು ತಂದವನು ಅವನೇ! 1936ರಲ್ಲಿ ಫ್ರಾಂಟ್ಸಿಸ್ಕಾಳನ್ನು ವಿವಾಹವಾದ ಬಳಿಕ ಅವನ ದೈವಶ್ರದ್ಧೆ ಆಳವಾಯಿತು. ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳಾದರು.

1938ರಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡು, ಜನರ ಒಪ್ಪಿಗೆ ಪಡೆಯುವ ನೆಪದಲ್ಲಿ ಮತದಾನ ನಡೆಸಿದನು. ಆ ಊರಿನಲ್ಲಿ ಬೇಡವೆಂದು ಮತವಿತ್ತವನು ಫ್ರಾಂಟ್ಸ್ ಒಬ್ಬನೇ.

1940ರ ಜೂನ್ ತಿಂಗಳಲ್ಲಿ ಸೈನ್ಯದಿಂದ ಕರೆ ಬಂದಿತು. ಹಿಟ್ಲರನು ಹುಟ್ಟಿದ ಬ್ರೌನೌ ಪಟ್ಟಣದಲ್ಲಿಯೇ ಅವನು ಸೈನಿಕನಾಗಿ ಪ್ರಮಾಣ ಮಾಡಬೇಕಾಯಿತು. ಊರಿನ ಮುಖ್ಯಾಧಿಕಾರಿಯು ಬೇಸಾಯದ ಕಾರಣವನ್ನು ಮುಂದಿಟ್ಟುದರಿಂದ ಕೆಲವೇ ದಿನಗಳಲ್ಲಿ ಮನೆಗೆ ಮರಳಿದನು. ಅಕ್ಟೋಬರಿನಲ್ಲಿ ಮತ್ತೆ ಕರೆ. ಈ ಸಲ ಎನ್ಸ್ ಪಟ್ಟಣದ ಸೈನಿಕ ಠಾಣ್ಯದಲ್ಲಿ ವಾಹನ ಚಾಲಕನ ತರಬೇತಿ ದೊರೆಯಿತು. 1941ರ ಏಪ್ರಿಲಿನಲ್ಲಿ ಅವನನ್ನು ಬೇಸಾಯಕ್ಕೆಂದು ಪುನಃ ಊರಿಗೆ ಕಳುಹಿಸಲಾಯಿತು.

ಯುದ್ಧರಂಗವನ್ನು ಕಾಣದೆ, ತಾಯ್ನಾಡಿನಲ್ಲಿಯೇ ಕಳೆದ ಸೇವೆಯದು. ಬೇರೊಬ್ಬನಾಗಿದ್ದರೆ ಬದುಕಿದೆನೆಂದು ನೆಮ್ಮದಿಯಿಂದ ಇರುತ್ತಿದ್ದನು. ಫ್ರಾಂಟ್ಸನಿಗೆ ಆ ನೆಮ್ಮದಿ ದೊರೆಯಲಿಲ್ಲ. ಸೈನ್ಯದ ಬಾಳನ್ನು ಅವನು ಒಳಗಿನಿಂದ ಕಂಡಿದ್ದನು. ಮನೋರೋಗಿಗಳನ್ನು ಸರ್ಕಾರವೇ ಕೊಲ್ಲಿಸುತ್ತಿದ್ದ ಸಂಗತಿಯೂ ಅವನ ಕಿವಿಗೆ ಬಿದ್ದಿತ್ತು. ಇಂಥ ಯುದ್ಧಕ್ಕೆ ಕೈಜೋಡಿಸುವುದು ಪಾಪವೆಂದು ನಿಶ್ಚಯಿಸಿ, ಮತ್ತೆ ಕರೆ ಬಂದರೆ ಹೋರಾಡುವುದಿಲ್ಲವೆಂದು ಸಾರಿದನು. ಬಂಧುಗಳು ಬೇಡಿಕೊಂಡರು. ಲಿನ್ಸ್ ನಗರದ ಬಿಷಪ್ಪರೂ ಸಂಸಾರದ ಹೊಣೆಯನ್ನು ನೆನಪಿಸಿದರು. ಹೆಂಡತಿಯೂ ಮೊದಮೊದಲು ತಡೆದಳು. ಆದರೆ ಗಂಡನಿಗೆ ಬೇರಾರೂ ಬೆಂಬಲವಿಲ್ಲವೆಂಬುದನ್ನು ಕಂಡು ಅವನ ಪಕ್ಷಕ್ಕೆ ನಿಂತಳು.

1943ರ ಫೆಬ್ರವರಿಯಲ್ಲಿ ಆ ಕರೆ ಬಂದೇ ಬಂದಿತು. ಮಾರ್ಚ್ 1ರಂದು ಫ್ರಾಂಟ್ಸ್ ಎನ್ಸ್ ಪಟ್ಟಣಕ್ಕೆ ತಾನಾಗಿಯೇ ಹೋಗಿ, ಆಯುಧ ಹಿಡಿಯಲು ನಿರಾಕರಿಸಿದನು. ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧನೆಂದು ತಿಳಿಸಿದರೂ ಅಧಿಕಾರಿಗಳು ಒಪ್ಪಲಿಲ್ಲ. ಸೆರೆವಾಸದ ಬಳಿಕ ಜುಲೈ 6ರಂದು ಬರ್ಲಿನ್ನಿನ ಸೈನಿಕ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಅದೇ ತಿಂಗಳು ಫ್ರಾಂಟ್ಸಿಸ್ಕಾ ಊರಿನ ಪಾದ್ರಿಯೊಡನೆ ದೂರದ ಪ್ರಯಾಣ ಮಾಡಿ ಅವನನ್ನು ಕೊನೆಯ ಬಾರಿ ಕಂಡಳು. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಅವನ ಶಿರಚ್ಛೇದವಾಯಿತು. ಆಗ ಅವನಿಗೆ 36 ವರ್ಷ.

ಊರಿನ ಹಲವರು ಅವನನ್ನು ದೇಶದ್ರೋಹಿಯೆಂದೇ ಬಗೆದರು. ಯುದ್ಧದಲ್ಲಿ ಮಡಿದವರ ಪತ್ನಿಯರಿಗೆ ಸಿಗುತ್ತಿದ್ದ ವೇತನವು ಫ್ರಾಂಟ್ಸಿಸ್ಕಾಳಿಗೆ 1950ರವರೆಗೆ ದೊರೆಯಲಿಲ್ಲ. ಅವಳು ಹೊಲವನ್ನು ಉಳಿಸಿಕೊಂಡು ಮಕ್ಕಳನ್ನು ಬೆಳೆಸಿದಳು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯವೊಂದು ಹಳೆಯ ತೀರ್ಪನ್ನು ರದ್ದುಗೊಳಿಸಿತು. 2007ರ ಅಕ್ಟೋಬರ್ 26ರಂದು ಲಿನ್ಸ್ ನಗರದಲ್ಲಿ ಕ್ರೈಸ್ತ ಧರ್ಮಸಭೆಯು ಫ್ರಾಂಟ್ಸನನ್ನು ಪುಣ್ಯಾತ್ಮರ ಸಾಲಿಗೆ ಸೇರಿಸಿದಾಗ, 94 ವರ್ಷದ ಫ್ರಾಂಟ್ಸಿಸ್ಕಾ ಮಕ್ಕಳೊಡನೆ ಆ ಸಭೆಯಲ್ಲಿ ಕುಳಿತಿದ್ದಳು.