ಹೋಪಿ ನಾಡಿನ ಉಪಾಧ್ಯಾಯಿನಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅರಿಜೋನಾ ರಾಜ್ಯದಲ್ಲಿ, ಮಳೆ ವಿರಳವಾದ ಒಣಭೂಮಿಯ ನಡುವೆ, ನೆತ್ತಿ ಚಪ್ಪಟೆಯಾದ ಬೆಟ್ಟಗಳ ಮೇಲೆ ಹೋಪಿ ಜನರ ಪ್ರಾಚೀನ ಗ್ರಾಮಗಳಿವೆ. ಅವುಗಳಲ್ಲೊಂದಾದ ಒರೈಬಿಯಲ್ಲಿ 1892ರ ಸುಮಾರಿಗೆ ಪೋಲಿಂಗೈಸಿ ಜನಿಸಿದಳು. ತಂಗಾಳಿಯಲ್ಲಿ ಹೂಗಳ ನಡುವೆ ಕುಳಿತ ಚಿಟ್ಟೆ ಎಂಬುದು ಆ ಹೆಸರಿನ ಅರ್ಥ.

ಹೋಪಿಗಳಲ್ಲಿ ಕುಲವು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮನೆಯೂ ಹೆಣ್ಣಿನದೇ. ಮುಸುಕಿನ ಜೋಳವೇ ಅವರ ಜೀವಾಧಾರ. ಹುಡುಗಿ ಪ್ರಾಯಕ್ಕೆ ಬಂದಾಗ ಬೆಳಕನ್ನು ಮರೆಮಾಡಿದ ಕೋಣೆಯಲ್ಲಿ ನಾಲ್ಕು ದಿನ ಕಲ್ಲಿನ ಮೇಲೆ ಜೋಳ ಅರೆಯುವುದು ಪದ್ಧತಿಯಾಗಿತ್ತು. ಅನಂತರ ಅವಳ ಕೂದಲನ್ನು ಎರಡು ಕಿವಿಗಳ ಬಳಿ ದೊಡ್ಡ ಸುರುಳಿಗಳಾಗಿ ಕಟ್ಟುತ್ತಿದ್ದರು. ಅವಳು ವಿವಾಹಯೋಗ್ಯಳೆಂಬುದಕ್ಕೆ ಅದೇ ಗುರುತು. ತಾಯಿ ಸೆವೆಂಕಾ ಮಗಳಿಗಾಗಿ ಬಯಸಿದ್ದು ಈ ಬಾಳನ್ನೇ.

ಸರ್ಕಾರದವರು ಮಕ್ಕಳನ್ನು ಬಲವಂತದಿಂದ ಶಾಲೆಗೆ ಸೇರಿಸುತ್ತಿದ್ದ ಕಾಲ ಅದು. ತಾಯಂದಿರು ಮಕ್ಕಳನ್ನು ಬಚ್ಚಿಡುತ್ತಿದ್ದರು. ಪೋಲಿಂಗೈಸಿಯಾದರೋ ಕುತೂಹಲ ತಡೆಯಲಾರದೆ ತಾನಾಗಿಯೇ ಬೆಟ್ಟವಿಳಿದು ಶಾಲೆಗೆ ಹೋದಳು. ಅಲ್ಲಿ ಅವಳಿಗೆ ಬೆಸ್ಸಿ ಎಂದು ಹೆಸರಿಟ್ಟರು. 1906ರಲ್ಲಿ, ಕ್ಯಾಲಿಫೋರ್ನಿಯದ ಷರ್ಮನ್ ವಸತಿಶಾಲೆಗೆ ಹೊರಟ ಮಕ್ಕಳ ಬಂಡಿಯಲ್ಲಿ ಅಡಗಿ ಕುಳಿತಳು. ಅವಳ ಹಠಕ್ಕೆ ತಾಯಿತಂದೆಗಳು ಮಣಿಯಬೇಕಾಯಿತು. ಅದೇ ವರ್ಷ ಇಂತಹ ಶಾಲೆಗಳೇ ಮೊದಲಾದ ವಿಷಯಗಳ ಕಲಹದಿಂದ ಒರೈಬಿ ಗ್ರಾಮ ಇಬ್ಭಾಗವಾಯಿತು. ಬಿಳಿಯರ ರೀತಿಯನ್ನು ವಿರೋಧಿಸಿದವರು ಹೊರನಡೆದು ಹೋಟೆವಿಲ್ಲಾ ಎಂಬ ಹೊಸ ಊರನ್ನು ಕಟ್ಟಿದರು.

ನಾಲ್ಕು ವರ್ಷಗಳ ತರುವಾಯ ಹಿಂದಿರುಗಿದ ಪೋಲಿಂಗೈಸಿಗೆ, ನೆಲದ ಮೇಲೆ ಉಂಡು ನೆಲದ ಮೇಲೆ ಮಲಗುವ ತನ್ನ ಮನೆ ಹೀನವಾಗಿ ಕಂಡಿತು. ಮಂಚವಿಲ್ಲ, ಮೇಜಿಲ್ಲವೆಂದು ಹೆತ್ತವರನ್ನು ಆಕ್ಷೇಪಿಸಿದಳು. ಊರಿನವರಿಗೆ ಅವಳು ಬಿಳಿಯರ ಪಕ್ಷದವಳಾದಳು. ಬಿಳಿಯರ ನಡುವೆಯೂ ಪರಕೀಯಳಾಗಿಯೇ ಉಳಿದಳು.

ಮುಂದೆ, 1920ರ ದಶಕದಲ್ಲಿ, ಆಕೆ ಅದೇ ಹೋಟೆವಿಲ್ಲಾದ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯಿನಿಯಾದರು. ಮಕ್ಕಳು ಕಂಡರಿಯದ ವಸ್ತುಗಳ ಕಥೆಗಳನ್ನು ಅವರರಿಯದ ಇಂಗ್ಲಿಷಿನಲ್ಲಿ ಬೋಧಿಸಬೇಕಾಗಿತ್ತು. ಆಕೆ ಆ ಕಥೆಗಳನ್ನು ಬದಿಗಿರಿಸಿ, ಮಕ್ಕಳು ಬಲ್ಲ ಹೋಪಿ ಕಥೆಗಳಿಂದಲೇ ಪಾಠವನ್ನು ಆರಂಭಿಸಿದರು. ಮೇಲಧಿಕಾರಿಗಳು ಒಪ್ಪಲಿಲ್ಲ. ಮನೆಯಲ್ಲಿ ತಿಳಿದದ್ದನ್ನೇ ಶಾಲೆಯಲ್ಲಿ ಕಲಿಸುವುದೇಕೆಂದು ಪೋಷಕರೂ ಗೊಣಗಿದರು. ಆಕೆ ಹಿಡಿದ ದಾರಿಯನ್ನು ಬಿಡಲಿಲ್ಲ. 1941ರಲ್ಲಿ ಆ ಬೋಧನಕ್ರಮವನ್ನು ಇತರ ಶಿಕ್ಷಕರಿಗೆ ತೋರಿಸಿಕೊಡಲು ಇಲಾಖೆಯೇ ಆಕೆಯನ್ನು ಆರಿಸಿತು.

1954ರಲ್ಲಿ ನಿವೃತ್ತರಾದ ಆಕೆ ಮಣ್ಣಿನ ಪಾತ್ರೆಗಳನ್ನು ರೂಪಿಸುವುದರಲ್ಲಿಯೂ ಹೆಸರು ಪಡೆದರು. 1964ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. 1990ರಲ್ಲಿ ಅವರು ನಿಧನರಾದರು. ಅವರ ಪಾತ್ರೆಗಳ ಮೈಮೇಲೆ ಮುಸುಕಿನ ಜೋಳದ ತೆನೆಗಳು ಉಬ್ಬಿ ನಿಂತಿವೆ. ಎಳೆಯ ವಯಸ್ಸಿನಲ್ಲಿ ಬಂಡಿಯೇರಿ ಬಿಟ್ಟುಹೋಗಿದ್ದ ತಾಯಿಯ ಮನೆಯ ಜೋಳವದು.